ಸುಂಕದ ಕಟ್ಟೆ ಮತ್ತು ಶೇಂಗಾ ಬಟ್ಟಲು

ಸುಂಕದವರ ಮುಂದೆ ಸುಖದುಃಖ ಹೇಳಿಕೊಂಡರೆ ಏನು ಬಂತು ಎಂದು ನಮ್ಮ ಹಿರಿಯರು ಕೇಳಿದ್ದಾರೆ. ಅವರ ಕಾಲದ ಸುಂಕದವನಿಗೆ ಎರಡು ಕಿವಿಗಳಾದರೂ ಇದ್ದವು. ಕೇಳಿಸಿಕೊಂಡೂ ಕೇಳದವನಂತೆ ಕೂತು ಎಲೆ ಅಡಿಕೆ ಜಗಿಯುತ್ತಿದ್ದ, ಅಷ್ಟೇ. ಈ ಕಥೆಯ ಸುಂಕದವನಿಗೆ ಕಿವಿಯೂ ಇಲ್ಲ, ಬಾಯಿಯೂ ಇಲ್ಲ. ಅದೊಂದು ಯಂತ್ರ. ಹುಬ್ಬಳ್ಳಿಯಲ್ಲಿ ಎಂದೋ ಮುಚ್ಚಿದ ಹತ್ತಿ ಗಿರಣಿಯೊಂದರ ಕಟ್ಟಡದಲ್ಲಿ, ಹೊರಗೆ ರಣಬಿಸಿಲಿದ್ದರೂ ಒಳಗೆ ಸ್ವೆಟರ್ ಹಾಕಿಕೊಳ್ಳಬೇಕಾದಷ್ಟು ತಣ್ಣಗಿನ ಕೋಣೆಯಲ್ಲಿ ಅದು ಸದಾ ಗುಂಯ್ ಎನ್ನುತ್ತಿತ್ತು. ಸರ್ಕಾರಿ ಆದೇಶದಲ್ಲಿ ಅದರ ಹೆಸರು ಮೊಳದುದ್ದ ಇತ್ತು. ಜನ ಮಾತ್ರ ಸುಂಕದ ಕಟ್ಟೆ ಎಂದರು. ಹುಬ್ಬಳ್ಳಿಯ ನಾಲಿಗೆಯಲ್ಲಿ ಕಟ್ಟೆ ಹೋಗಿ ಕಟ್ಟಿಯಾಯಿತು. ಗ್ರಹಚಾರಕ್ಕೆ, ಅದನ್ನು ನೋಡಿಕೊಳ್ಳುವ ಜಂಟಿ ಆಯುಕ್ತರ ಅಡ್ಡಹೆಸರೂ ಕಟ್ಟಿ. ಪ್ರಹ್ಲಾದ ಕಟ್ಟಿ. "ಕಟ್ಟಿ ಬಿಸಿ ಆಗೈತ್ರಿ, ತಣ್ಣನ್ನ ಗಾಳಿ ಹಾಯಸ್ರಿ!" ಎಂದು ಯಾರಾದರೂ ಕೂಗಿದರೆ ಸಾಹೇಬರು ತಮ್ಮ ಕ್ಯಾಬಿನ್ನಿನಿಂದ ತಲೆ ಹೊರಗೆ ಹಾಕಿ ನೋಡುತ್ತಿದ್ದರು.

ಕಟ್ಟೆಯ ಕೆಲಸ ಹೇಳುವುದಕ್ಕೆ ಸುಲಭ. ರಾಜ್ಯದಲ್ಲಿ ಯಾರು ಏನನ್ನೇ ಇಳಿಸಿಕೊಳ್ಳಲಿ, ಅದು ಹಾಡಿರಲಿ, ಪುಸ್ತಕವಿರಲಿ, ಮನೆಯಲ್ಲೇ ಅಚ್ಚು ಹೊಡೆದುಕೊಳ್ಳುವ ಅಂಗಿಯ ವಿನ್ಯಾಸವಿರಲಿ, ಒಲೆಗೆ ಬಿರಿಯಾನಿ ಕಲಿಸುವ ಪಾಠವಿರಲಿ, ಕಟ್ಟೆಯನ್ನು ಹಾದೇ ಬರಬೇಕು. ಮಾರಾಟದ ಸರಕಾದರೆ ತೆರಿಗೆ ಕಟ್ಟಿಸಿಕೊಂಡು ಕಟ್ಟೆ ಮುದ್ರೆ ಒತ್ತುತ್ತದೆ. ಪುಕ್ಕಟೆಯದಾದರೆ ಸುಮ್ಮನೆ ಒತ್ತಿ ಬಿಟ್ಟುಬಿಡುತ್ತದೆ. ಮುದ್ರೆಯಿಲ್ಲದ್ದನ್ನು ಯಾವ ಯಂತ್ರವೂ ತೆರೆಯದು. ಪೊಟ್ಟಣದೊಳಗೆ ಏನಿದೆ ಎಂದು ಇಣುಕಿ ನೋಡುವ ಹಕ್ಕು ಕಟ್ಟೆಗೆ ಇಲ್ಲ, ಅಷ್ಟರ ಮಟ್ಟಿಗೆ ಕಾನೂನು ಮಾನ ಉಳಿಸಿತ್ತು. ಯಾರು ಕೇಳಿದರು, ಸಿಕ್ಕಿತೋ ಇಲ್ಲವೋ, ಯಾರಿಂದ ಹೊರಟಿತು, ಯಾರಿಗೆ ಇಳಿಯಿತು, ಬದಲಿಗೆ ಏನಾದರೂ ಹಿಂದಕ್ಕೆ ಏರಿತೇ, ಇಷ್ಟೇ ಅದರ ಲೋಕ.

ಕಣ್ಣಿಗೆ ಕಾಣದ, ತಕ್ಕಡಿಗೆ ತೂಗದ ಸರಕಿಗೆ ತೆರಿಗೆ ಹಾಕುವುದು ಯಾವ ಊರಿನ ನ್ಯಾಯ ಎಂದು ಮೊದಮೊದಲು ದೊಡ್ಡ ಗಲಾಟೆಯೇ ಆಗಿತ್ತು. "ಇನ್ನ ಗಾಳಿಗೂ ಸುಂಕ ಹಾಕ್ರಿ, ಉಸರಾಡೂದಕ್ಕೂ ಹಾಕ್ರಿ" ಎಂದು ಮಿರ್ಚಿ ಭಜಿ ಗಾಡಿಗಳ ಮುಂದೆ ನಿಂತು ಮಂದಿ ಬೈದರು. ಆದರೆ ಕಟ್ಟೆಯ ನಿಯಂತ್ರಣ ಕೋಣೆಯ ಮುಖ್ಯಸ್ಥೆ ನೀಲಗಂಗಾ ಮುದಗಲ್‌ಗೆ ಈ ವಿಷಯದಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. ಅವಳ ಅಪ್ಪ ದುರ್ಗದಬೈಲಿನಲ್ಲಿ ಕ್ಯಾಸೆಟ್, ಸಿ.ಡಿ. ಅಂಗಡಿ ಇಟ್ಟಿದ್ದ. ಮಾರಿದ ಒಂದೊಂದಕ್ಕೂ ತೆರಿಗೆ ಕಟ್ಟಿದ. ಅದೇ ಹಾಡುಗಳು ಫೋನಿಗೆ ಇಳಿದು ಬರತೊಡಗಿದಾಗ ಅವುಗಳಿಗೆ ತೆರಿಗೆಯೂ ಇಲ್ಲ, ಅಂಗಡಿ ಬಾಡಿಗೆಯೂ ಇಲ್ಲ. ಅಪ್ಪ ಅಂಗಡಿಗೆ ಬೀಗ ಹಾಕಿ ಮನೆಗೆ ಬಂದವನು ಚಪ್ಪಲಿಯನ್ನೂ ಬಿಡದೆ ಪಡಸಾಲೆಯಲ್ಲಿ ಕೂತು, "ನಾನೂ ಹಾಡಽ ಮಾರಿದೆ, ಅವರೂ ಹಾಡಽ ಮಾರಿದ್ರು. ನನಗೊಂದು ನ್ಯಾಯ, ಅವರಿಗೊಂದು ನ್ಯಾಯ ಏನವಾ?" ಎಂದು ಕೇಳಿದ್ದ. ಆಗಿನ್ನೂ ಫ್ರಾಕು ಹಾಕುತ್ತಿದ್ದ ನೀಲಗಂಗಾ ಉತ್ತರ ಕೊಟ್ಟಿರಲಿಲ್ಲ. ದೊಡ್ಡವಳಾಗಿ ಕೊಟ್ಟ ಉತ್ತರವೇ ಈ ಕಟ್ಟೆ.

ಕಟ್ಟೆ ಬಂದ ಮೇಲೆ ಕಂಪನಿಗಳೇನು ಸುಮ್ಮನೆ ಕೂತವೇ? ಚಾಪೆಯ ಕೆಳಗೆ ತೂರಿದರೆ ರಂಗೋಲಿಯ ಕೆಳಗೆ ತೂರುವ ಜನ. "ನಾವು ಹಣವನ್ನೇ ತಗೊಳ್ಳುವುದಿಲ್ಲ, ಹಾಡು ಪುಕ್ಕಟೆ. ಬದಲಿಗೆ ನೀವು ಎಲ್ಲೆಲ್ಲಿ ಓಡಾಡಿದಿರಿ, ಏನೇನು ತಿಂದಿರಿ ಅನ್ನುವ ಮಾಹಿತಿ ಕೊಡಿ ಸಾಕು" ಎಂದವು. ಹಣವಿಲ್ಲದ ಮೇಲೆ ಮಾರಾಟವೆಲ್ಲಿ, ತೆರಿಗೆಯೆಲ್ಲಿ? ಆಗ ನೀಲಗಂಗಾಳೇ ಒಂದು ಸೂತ್ರ ಹೊಸೆದಳು: ಒಂದು ಇಳಿದು, ಅದರ ಬೆನ್ನಿಗೇ ಇನ್ನೊಂದು ಏರಿದರೆ ಅದು ಮಾರಾಟ, ಹಣ ಕಾಣಲಿ ಬಿಡಲಿ. ಏರಿಳಿತದ ಸೂತ್ರ ಎಂದು ಅದಕ್ಕೆ ಹೆಸರಾಯಿತು. ಕಂಪನಿಗಳು ಬಾಲ ಮುದುರಿಕೊಂಡವು. ಅವಳಿಗೆ ಬಡ್ತಿಯೂ ಸಿಕ್ಕಿತು.

ಹೀಗಿರಲು ಒಂದು ಶನಿವಾರ, ಅದೇ ಸೂತ್ರವನ್ನು ಮೊದಲ ಸಲ ಕಂಪನಿಯಲ್ಲದವರ ಗೆರೆಗಳಿಗೂ ಹಚ್ಚಿದಾಗ, ಕಟ್ಟೆಯ ಗೋಡೆಪರದೆ ಜಗ್ಗನೆ ಬೆಳಗಿತು. ನಕ್ಷೆಯ ತುಂಬ ಸಣ್ಣ ಸಣ್ಣ ಚುಕ್ಕೆಗಳು, ಚುಕ್ಕೆಗಳ ನಡುವೆ ಗೆರೆಗಳು. ಒಂದು ಕೆಳಗೆ, ಒಂದು ಮೇಲೆ, ಮತ್ತೆ ಒಂದು ಕೆಳಗೆ.

"ಇದೇನ್ರೀ ಬಾಯಾರ?" ಕಟ್ಟಿ ಸಾಹೇಬರು ಕನ್ನಡಕ ಹಣೆಗೆ ಏರಿಸಿಕೊಂಡು ಬಂದರು.

"ಮಾರ್ಕೆಟ್ ಐತ್ರಿ ಸರ್," ಎಂದಳು ನೀಲಗಂಗಾ. "ಬೀದರದಿಂದ ಹಿಡದು ಚಾಮರಾಜನಗರದ ತನಕ ಹಬ್ಬೈತಿ. ಇಳಿಯೂದೂ ಐತಿ, ಏರೂದೂ ಐತಿ. ಒಬ್ಬರೂ ನೋಂದಣಿ ಮಾಡಿಸಿಲ್ಲ."

"ಅಂದ್ರ ಕಳ್ಳ ಸಂತಿ ಅನ್ನಿ!"

"ಸೂತ್ರದ ಪ್ರಕಾರ ಹಂಗಽ ರೀ."

"ಏನು ಮಾರ್ಲಿಕ್ಕತ್ತಾರ?"

"ಒಳಗ ನೋಡೂ ಹಂಗಿಲ್ಲಲ್ರಿ."

"ಏನರೆ ಇರ್ಲಿ. ಮೊದಲ ಮುದ್ರಿ ತಡೀರಿ. ಅವರಽ ಓಡಿ ಬರ್ತಾರ, ತೆರಿಗಿ ಕಟ್ಟಿ ಬಿಡಿಸ್ಕೊಂಡ್ ಹೋಗ್ತಾರ." ಸಾಹೇಬರು ಸಿಪಾಯಿಯನ್ನು ಕರೆದು ಧಾರವಾಡ ಪೇಡೆ ತರಿಸಿದರು. ನೀಲಗಂಗಾ ಎಡಗೈಯಲ್ಲಿ ಪೇಡೆ ಹಿಡಿದುಕೊಂಡೇ ಬಲಗೈಯಿಂದ ತಡೆಯ ಗುಂಡಿ ಒತ್ತಿದಳು. ಗೋಡೆಯ ಮೇಲಿನ ಗೆರೆಗಳೆಲ್ಲ ಒಮ್ಮೆಗೇ ನಿಂತವು. ಅವಳಿಗೆ ಅಪ್ಪನ ನೆನಪಾಗಿ ಖುಷಿಯಾಯಿತು, ಇನ್ನೊಂದು ಪೇಡೆ ತಿಂದಳು.

ಮರುದಿನ ಭಾನುವಾರ. ಕೇಶ್ವಾಪುರದ ಒಂದು ಮನೆಯಲ್ಲಿ ಮೇಲಿನ ಮಹಡಿಯಲ್ಲಿ ನೀಲಗಂಗಾಳ ಸಂಸಾರ, ಕೆಳಗೆ ಬಾಡಿಗೆಗೆ ರೇಷ್ಮಾ ನದಾಫ್, ತನ್ನ ಎಳೆ ಕೂಸಿನ ಜೊತೆ. ಅವಳ ಗಂಡ ದಸ್ತಗೀರ ರೈಲು ಓಡಿಸುವವನು, ಮನೆಯಲ್ಲಿ ಇರುವುದಕ್ಕಿಂತ ಹಳಿಯ ಮೇಲೆ ಇರುವುದೇ ಹೆಚ್ಚು. ಹಬ್ಬಕ್ಕೆ ರೇಷ್ಮಾ ಕಳಿಸಿದ್ದ ಶ್ಯಾವಿಗೆ ಪಾಯಸದ ಬಟ್ಟಲು ಅಡಿಗೆಮನೆಯ ಕಟ್ಟೆಯ ಮೇಲೆ ತೊಳೆದು ಬೋರಲು ಹಾಕಿದಲ್ಲೇ ಇತ್ತು. ಕೊಟ್ಟು ಬರೋಣವೆಂದು ನೀಲಗಂಗಾ ಅದನ್ನೆತ್ತಿಕೊಂಡು ಹೊರಟರೆ ಬಾಗಿಲಲ್ಲೇ ಅತ್ತೆ ಗುರುಸಿದ್ದವ್ವ ಅಡ್ಡ ನಿಂತಳು.

"ಎಲ್ಲಿಗೆ ಹೊಂಟಿ?"

"ರೇಷ್ಮಾನ ಬಟ್ಟಲಾ ಕೊಟ್ಟು ಬರ್ತೀನ್ರಿ ಅತ್ತಿ."

"ಖಾಲಿ? ಖಾಲಿ ಬಟ್ಟಲಾ ಹೆಂಗ ಕೊಡ್ತಿ ಮಾರಾಯ್ತಿ? ದೊಡ್ಡ ಆಫೀಸರ್ ಆದಿ ಅಂತ ರೀತಿ ರಿವಾಜೂ ಮರ್ತೀಯೇನು?" ಅತ್ತೆ ಡಬ್ಬಿಯಿಂದ ಒಂದು ಹಿಡಿ ಹುರಿದ ಶೇಂಗಾ ತೆಗೆದು ಬಟ್ಟಲಿಗೆ ಸುರಿದಳು. "ಹೂಂ, ಈಗ ಹೋಗು."

ಮೆಟ್ಟಿಲಿಳಿಯುವಾಗಲೇ ಕೂಸಿನ ಅಳು ಕೇಳಿತು. ಹಸಿವೆಗೆ ಕುಂಯ್ ಎನ್ನುವ ಅಳುವಲ್ಲ. ಬಹಳ ಹೊತ್ತಿನಿಂದ ಅತ್ತು ಅತ್ತು ಗಂಟಲು ಒಡೆದು, ನಡುನಡುವೆ ಉಸಿರು ಕಟ್ಟಿ ಮತ್ತೆ ಹೊರಡುವ ಅಳು. ನೀಲಗಂಗಾ ಉಳಿದ ಮೆಟ್ಟಿಲುಗಳನ್ನು ಹಾರಿಯೇ ಇಳಿದಳು. ಬಾಗಿಲು ತೆರೆದಿತ್ತು. ಒಳಗೆ, ತೊಟ್ಟಿಲಿಗೆ ಬೆನ್ನು ಮಾಡಿ, ಅಡಿಗೆಮನೆಯ ಹೊಸ್ತಿಲಲ್ಲಿ ಕೂತ ರೇಷ್ಮಾ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಏನೋ ಗುನುಗುತ್ತಲೂ ಇದ್ದಳು.

"ರೇಷ್ಮಾ!"

ಕೂಡಲೇ ಅವಳು ತಿರುಗಿದಳು, ಮುಖದ ತುಂಬ ನಗು. "ಬರ್ರಿ ಅಕ್ಕಾ! ಚಾ ಇಡ್ಲೇನು?"

ಬಾಗಿಲಲ್ಲಿ ನಿಂತವಳು ಕರೆದದ್ದು ಕೇಳಿಸಿತು, ನಾಲ್ಕು ಹೆಜ್ಜೆ ಹಿಂದೆ ಮಗಳು ಜೀವ ಹೋಗುವಂತೆ ಕಿರಿಚುತ್ತಿರುವುದು ಕೇಳಿಸಲಿಲ್ಲ. ನೀಲಗಂಗಾ ಬಟ್ಟಲನ್ನು ಎಲ್ಲೋ ಇಟ್ಟು ತೊಟ್ಟಿಲಿಗೆ ಓಡಿದಳು. ಕೂಸು ಮಗುಚಿಕೊಂಡು ದುಪ್ಪಟಿಯ ಮಡಿಕೆಯಲ್ಲಿ ಮುಖ ಸಿಕ್ಕಿಸಿಕೊಂಡಿತ್ತು, ಒಂದು ಕಾಲು ತೊಟ್ಟಿಲಿನ ಬಲೆಯಲ್ಲಿ ಸಿಕ್ಕಿತ್ತು. ಎತ್ತಿಕೊಂಡರೆ ಕೆಂಡದ ಹಾಗೆ ಕೆಂಪು. ರೇಷ್ಮಾ ಬಂದು ಅವಳ ಕೈಯಿಂದ ಮಗುವನ್ನು ಕಿತ್ತುಕೊಂಡು ಎದೆಗೆ ಅವುಚಿಕೊಂಡಳು. "ಯಾ ಅಲ್ಲಾ, ಎಷ್ಟೊತ್ತಿಂದ ಅಳಾಕತ್ತಿತ್ತ ಅಕ್ಕಾ? ಎಷ್ಟೊತ್ತಿಂದ?" ಎಂದು ಕೇಳುತ್ತ ತಾನೂ ಅತ್ತಳು. ನೀಲಗಂಗಾಳಿಗೂ ಗೊತ್ತಿರಲಿಲ್ಲ.

ರೇಷ್ಮಾಳಿಗೆ ಸಣ್ಣಂದಿನಲ್ಲಿ ಜ್ವರ ಬಂದು ಕಿವಿ ಹೋಗಿತ್ತು. ಈಗ ಎರಡೂ ಕಿವಿಯೊಳಗೆ ಕಿವಿಹರಳು ಇದೆ. ಜೋಳದ ಕಾಳಿಗಿಂತ ಚಿಕ್ಕ ಯಂತ್ರ, ಸದ್ದನ್ನು ಹಿಡಿದು ನರಕ್ಕೆ ಮುಟ್ಟಿಸುತ್ತದೆ. ಆದರೆ ಹರಳಿಗೆ ಒಂದು ಕೊರತೆ. ಸಂತೆಯ ಗದ್ದಲದಂಥ ಸದ್ದಿನ ರಾಶಿಯಲ್ಲಿ ಬೇಕಾದ ದನಿ ಯಾವುದು ಎಂದು ಅದಕ್ಕೆ ತಾನಾಗಿ ತಿಳಿಯದು. ಒಂದೊಂದು ದನಿಗೂ ಒಂದೊಂದು ದನಿನಕ್ಷೆ ಬೇಕು. ಗಂಡನ ದನಿಗೆ ಒಂದು, ನೀಲಕ್ಕನ ದನಿಗೆ ಒಂದು, ಹಾಲಿನವನ ಗಂಟೆಗೆ ಒಂದು. ನಕ್ಷೆ ಇರುವ ದನಿ ಗದ್ದಲದಿಂದ ಎದ್ದು ಬಂದು ಕಿವಿಗೆ ಬೀಳುತ್ತದೆ. ಇಲ್ಲದ್ದು ಗದ್ದಲದಲ್ಲೇ ಮುಳುಗಿ ಹೋಗುತ್ತದೆ. ದೊಡ್ಡವರ ದನಿಗೆ ಒಂದು ಸಲ ಮಾಡಿದರೆ ವರ್ಷಗಟ್ಟಲೆ ಬಾಳುತ್ತದೆ. ಕೂಸಿನ ಅಳು ಹಾಗಲ್ಲ, ಕೂಸು ಬೆಳೆದಂತೆ ಅದೂ ಬದಲಾಗುತ್ತ ಹೋಗುತ್ತದೆ.

"ಹಳೇ ನಕ್ಷೆ ಈಗ ಹೊಂದವಲ್ದು ಅಕ್ಕಾ," ಎಂದಳು ರೇಷ್ಮಾ ಮೂಗು ಒರೆಸಿಕೊಳ್ಳುತ್ತ. "ಜೋಯಾನ ದನಿ ಬದಲಾಗೇತಿ. ಹೊಸಾದು ನಿನ್ನೆ ಗದಗಿನಿಂದ ಬಂದು ಬಾಗಲದಾಗಽ ನಿಂತೈತಿ. ಮುದ್ರಿ ಇಲ್ಲಂತ, ತೆರ್ಯಾಕ ಬರಂಗಿಲ್ಲಂತ. ಅಳಾಕತ್ತಿದ್ದು ಗೊತ್ತಾಗ್ಲಿ ಅಂತ ತೊಟ್ಲಕ್ಕ ದಾರ ಕಟ್ಟಿ ಕೈಗೆ ಕಟ್ಕೊಂಡಿದ್ದೆ. ಬಳ್ಳೊಳ್ಳಿ ಸುಲಿಯೂವಾಗ ಅಡ್ಡ ಬರ್ತೈತಿ ಅಂತ ಈಗಽ ಬಿಚ್ಚಿದ್ದೆ ನೋಡ್ರಿ." ಅವಳ ಮಣಿಕಟ್ಟಿನಲ್ಲಿ ಕೆಂಪು ದಾರದ ಗುರುತು ಇನ್ನೂ ಇತ್ತು.

ನೀಲಗಂಗಾ ಅಲ್ಲೇ ಕೂತಳು. "ಗದಗಿನಿಂದ? ಕಂಪನಿಯವರು ಮಾರ್ತಾರಲ್ಲ ನಕ್ಷೆ?"

"ಅದನ್ನೂ ತಗೊಂಡೀನ್ರಿ, ತೆರಿಗಿ ಕೊಟ್ಟಽ ತಗೊಂಡೀನಿ. ಅದ್ರಾಗಿನ ಕೂಸು ಭಾಳ ಶಾಣ್ಯಾ ಕೂಸು ಅಕ್ಕಾ, ಎಲ್ಲೋ ಗಾಜಿನ ಕೋಣ್ಯಾಗ ಒಂದಽ ಕುಂತು ಅತ್ತೈತಿ. ನಮ್ಮ ಮನ್ಯಾಗ ಮಿಕ್ಸರ್ ಐತಿ, ರೈಲ್ ಐತಿ, ನಿಮ್ಮ ಅತ್ತಿ ಅದಾರ. ಆ ನಕ್ಷೆಗೆ ನನ್ನ ಮಗಳ ಅಳು ಕುಕ್ಕರ್ ಸೀಟಿ ಆಗ್ತೈತಿ!" ಅಳುವಿನ ನಡುವೆಯೂ ರೇಷ್ಮಾ ನಕ್ಕಳು. ಆಮೇಲೆ ವಿವರಿಸಿದಳು. ಕಿವಿಹರಳಿನ ತಾಯಂದಿರದೊಂದು ಬಳಗವಿದೆ. ಕಿವುಡ ತಾಯಿ ತಾನೇ ನಕ್ಷೆ ತಿದ್ದಿಕೊಳ್ಳಲಾರಳು, ಏನು ಕೇಳಿಸುತ್ತಿಲ್ಲ ಎಂದು ಕೇಳಿಸದವಳಿಗೆ ಹೇಗೆ ತಿಳಿಯಬೇಕು? ಮನೆಯ ಸದ್ದಿನ ಜೊತೆ ಕೂಸಿನ ಅಳುವನ್ನು ಹಿಡಿದು ಕಳಿಸಿದರೆ, ಯಾವುದೋ ಊರಿನ ಕಿವಿ ಚೆನ್ನಾಗಿರುವವರು ಯಾರೋ ಕೂತು ಅಳುವನ್ನು ಗದ್ದಲದಿಂದ ಹೆಕ್ಕಿ ನಕ್ಷೆ ಮಾಡಿ ಕಳಿಸುತ್ತಾರೆ. ರೇಷ್ಮಾಳಿಗೆ ಮಾಡಿಕೊಡುವವರು ಗದಗಿನ ಪಾಂಡುಸಾ ಬಾಕಳೆ ಎಂಬ ಹಿರಿಯರು. ಹಾರ್ಮೋನಿಯಂ ರಿಪೇರಿ ಮಾಡುತ್ತಿದ್ದವರು, ಈಗ ಮೊಮ್ಮಕ್ಕಳನ್ನು ಆಡಿಸಿಕೊಂಡು ಇದ್ದಾರೆ.

"ಅದಕ್ಕ ನೀ ಏನ ಕೊಡ್ತಿ?" ನೀಲಗಂಗಾ ಕೇಳಿದಳು.

"ಅವರು ಏನೂ ಕೇಳಂಗಿಲ್ರಿ. ನಾನಽ ಏನರ ಕಳಸ್ತೀನಿ. ಮೊನ್ನಿ ನಮ್ಮ ಬೇವಿನ ಗಿಡದಾಗಿನ ಕೋಗಿಲಿ ದನಿ ಹಿಡದು ಕಳಸಿದ್ದೆ. ಅದರ ಹಿಂದಿನ ಸಲ ಎಣ್ಣಿಗಾಯಿ ಮಾಡೂದು ಬರದು ಕಳಸಿದ್ದೆ." ರೇಷ್ಮಾ ಕಿಟಕಿಯ ಕಟ್ಟೆಯ ಮೇಲಿದ್ದ ತನ್ನ ಬಟ್ಟಲಿನ ಕಡೆ ಕೈ ತೋರಿಸಿದಳು. "ಅಷ್ಟ ದೂರದಿಂದ ಒಂದು ಬರ್ತೈತಿ. ಖಾಲಿ ಹೆಂಗ ಕಳಸೂದ್ರಿ ಅಕ್ಕಾ?"

ನೀಲಗಂಗಾ ಬಟ್ಟಲನ್ನು ನೋಡಿದಳು. ಅದರಲ್ಲಿ ಒಂದು ಹಿಡಿ ಶೇಂಗಾ ಇತ್ತು. ಕಟ್ಟೆಯ ಲೆಕ್ಕದಲ್ಲಿ ಪಾಯಸ ಇಳಿದಿತ್ತು, ಶೇಂಗಾ ಏರಿತ್ತು. ತನ್ನ ಸೂತ್ರದ ಪ್ರಕಾರ ಇದೂ ಮಾರಾಟ. ಗುರುಸಿದ್ದವ್ವನೂ ನೋಂದಣಿ ಮಾಡಿಸದ ವ್ಯಾಪಾರಿ.

"ತಡದವರಿಗೆ ಒಂದು ಅರ್ಜಿ ಹಾಕಬೇಕಿತ್ತಲ್ಲ ರೇಷ್ಮಾ. ಹಿಂಗ ಹಿಂಗ ತ್ರಾಸ ಐತಿ ಅಂತ ಹೇಳಬೇಕಿತ್ತು."

"ಯಾರಿಗೆ? ಸುಂಕದವರ ಮುಂದ ಸುಖದುಃಖ ಹೇಳ್ಕೊಂಡ್ರ ಏನ ಬಂತ್ರಿ?" ಎಂದಳು ರೇಷ್ಮಾ, ಮಗುವಿನ ಬೆನ್ನು ತಟ್ಟುತ್ತ. ನೀಲಕ್ಕ ಸರ್ಕಾರದ ಯಾವುದೋ ದೊಡ್ಡ ಆಫೀಸಿನಲ್ಲಿದ್ದಾಳೆ ಎಂಬುದಷ್ಟೇ ಅವಳಿಗೆ ಗೊತ್ತು.

ನೀಲಗಂಗಾ ಮೇಲೆ ಹೋಗಿ ಅತ್ತೆಯನ್ನು ಕೆಳಗೆ ಕಳಿಸಿದಳು. "ನಾ ಬರೂತನಕ ತೊಟ್ಲದ ಮುಂದಿಂದ ಏಳಬ್ಯಾಡ್ರಿ" ಎಂದು ಹೇಳಿ, ಚಪ್ಪಲಿ ಮೆಟ್ಟಿ, ಭಾನುವಾರ ಎನ್ನುವುದನ್ನೂ ನೋಡದೆ ಗಿರಣಿಗೆ ಹೊರಟಳು. ಆಟೋದಲ್ಲಿ ಕೂತೇ ಸಾಹೇಬರಿಗೆ ಫೋನು ಹಚ್ಚಿದಳು.

ಕಟ್ಟಿ ಸಾಹೇಬರು ಊಟ ಮಾಡಿ ಅಡ್ಡಾಗಿದ್ದವರು ಎದ್ದು ಬಂದಿದ್ದರು. ಕೂದಲು ಕೆದರಿತ್ತು, ಮುಖ ಸಿಂಡರಿಸಿತ್ತು. ಸ್ವೆಟರ್ ಮರೆತು ಬಂದು ಚಳಿಗೆ ಕೈಕಟ್ಟಿಕೊಂಡು ಅವಳ ಮಾತನ್ನೆಲ್ಲ ಕೇಳಿದರು.

"ಮುದ್ರೆ ಬಿಡ್ರಿ ಸರ್, ಈಗಿಂದೀಗ ಬಿಡ್ರಿ," ಎಂದಳು ನೀಲಗಂಗಾ. "ಅಂಥಾ ತಾಯಂದಿರು ರಾಜ್ಯದಾಗ ಎಷ್ಟ ಮಂದಿ ಅದಾರೋ."

"ಬಾಯಾರ, ನನಗೂ ಮಕ್ಕಳಿದ್ದಾರ. ಆದರ ಇಲ್ಲಿ ಕೂತು ಬಟ್ಟಲಾ, ಶೇಂಗಾ ಅಂದ್ರ ನಡೀತದೇನು? ನಾಳೆ ಕಂಪನಿಯವರೆಲ್ಲ ಒಂದೊಂದು ಬಟ್ಟಲಾ ಹಿಡ್ಕೊಂಡ್ ಬರ್ತಾರ. ನಾವು ಮಾರಿಲ್ರೀ, ಪ್ರೀತಿಲೆ ಕೊಟ್ಟೀವಿ, ಅವರೂ ಪ್ರೀತಿಲೆ ಮಾಹಿತಿ ಕೊಟ್ಟಾರ ಅಂತಾರ. ಆಗ ಏನ ಹೇಳ್ತೀರಿ? ನಿಮ್ಮ ಅಪ್ಪಗ ಏನ ಹೇಳ್ತೀರಿ?"

ಕೊನೆಯ ಮಾತು ನಾಟಿತು. ಸಾಹೇಬರು ಹೇಳಿದ್ದರಲ್ಲಿ ಸುಳ್ಳೇನಿತ್ತು? ಬಾಗಿಲು ತೆರೆದರೆ ಬೆಕ್ಕಿನ ಜೊತೆ ಹೆಗ್ಗಣವೂ ನುಗ್ಗುತ್ತದೆ. ಪ್ರೀತಿಯನ್ನು ಅಳೆಯುವ ಯಂತ್ರ ಇಲ್ಲ. ಕಟ್ಟೆಗೆ ಕಾಣುವುದು ಇಳಿಯುವ ಗೆರೆ, ಏರುವ ಗೆರೆ, ಅಷ್ಟೇ. ನೀಲಗಂಗಾ ಅಪ್ಪನ ಅಂಗಡಿಯನ್ನು ನೆನೆದುಕೊಂಡಳು. ಗಲ್ಲಾಪೆಟ್ಟಿಗೆಯ ಹಿಂದೆ ಕೂತ ಅಪ್ಪ, ಮುಂದೆ ಗಿರಾಕಿ. ಗಿರಾಕಿ ದುಡ್ಡು ಕೊಡದೆ ಹೋದರೆ ಅಪ್ಪ ಏನು ಮಾಡುತ್ತಿದ್ದ? ಮುಂದಿನ ಸಲ ಅವನು ಬಂದರೆ ಕ್ಯಾಸೆಟ್ಟು ಮುಟ್ಟಗೊಡುತ್ತಿರಲಿಲ್ಲ. ಗುರುಸಿದ್ದವ್ವ ಬಟ್ಟಲನ್ನು ಖಾಲಿಯೇ ಕಳಿಸಿದ್ದರೆ? ರೇಷ್ಮಾ ಮುಂದಿನ ಹಬ್ಬಕ್ಕೆ ಪಾಯಸ ಕಳಿಸುವುದನ್ನು ಬಿಡುತ್ತಿದ್ದಳೇ?

"ಸರ್," ಎಂದಳು, "ಏರಿದ್ದನ್ನ ನೋಡೂದು ಬಿಡೋಣ. ಏರದಽ ಇದ್ದಾಗ ಏನಾತು ಅಂತ ನೋಡೋಣ. ತಗೊಂಡು ಏನೂ ಕೊಡದವರು ಇರ್ತಾರಲ್ಲ, ಅವರು ಮತ್ತೊಮ್ಮೆ ಕೇಳಿದಾಗ ಸಿಕ್ಕಿತೋ ಇಲ್ಲೋ? ಕೊಡದವರಿಗೆ ಬಾಗಲಾ ಹಾಕಿದ್ರ ಅದು ಅಂಗಡಿ. ಕೊಡದವರಿಗೂ ಬಾಗಲಾ ತಗದಿದ್ರ ಅದು ಮನಿ."

ಸಾಹೇಬರು ಕಟ್ಟಿದ್ದ ಕೈ ಬಿಚ್ಚಿದರು. "ಕೇಳಿದ್ದೂ, ಇಲ್ಲ ಅಂದದ್ದೂ ಕಟ್ಟ್ಯಾಗ ಇರ್ತದ, ಅಲ್ಲ?"

"ಎಲ್ಲಾ ಇರ್ತೈತ್ರಿ."

"ಹಾಕಿ ನೋಡ್ರಿ. ಆದರ ಈಗಽ ಹೇಳ್ತೀನಿ, ಒಂದಽ ಒಂದು ನಿರಾಕರಣೆ ಸಿಕ್ಕರೂ ತಡಿ ತಗಿಯೂದಿಲ್ಲ. ಮ್ಯಾಲಿನವರಿಗೆ ನಾ ಉತ್ತರ ಕೊಡಬೇಕು."

ಅವಳು ಮೊದಲು ಕಂಪನಿಗಳ ಗೆರೆಗಳನ್ನು ಪರೀಕ್ಷೆಗೆ ಹಾಕಿದಳು. ಮಾಹಿತಿ ಕೊಡದವರಿಗೆ ಮರುದಿನದಿಂದಲೇ ಹಾಡು ಬಂದ್, ಆಟ ಬಂದ್. ಇಷ್ಟು ದಿನ ತಪ್ಪಿಸಿಕೊಂಡಿದ್ದ ಇನ್ನೂ ಕೆಲವು ಕಂಪನಿಗಳು ಪರದೆಯ ಮೇಲೆ ಕೆಂಪಗೆ ಎದ್ದು ಕಂಡವು. ಸಾಹೇಬರು "ಭಲೆ!" ಎಂದು ತೊಡೆ ತಟ್ಟಿಕೊಂಡರು. ಆಮೇಲೆ ಅವಳು ನಿನ್ನೆ ತಡೆದಿದ್ದ ತಾಯಂದಿರ ಗೆರೆಗಳನ್ನು ಹಾಕಿದಳು. ಕಟ್ಟೆ ಗುಂಯ್ ಎಂದಿತು. ನೀಲಗಂಗಾ ಮನೆದೇವರನ್ನು ನೆನೆಯುತ್ತ ಕೂತಳು.

ಉತ್ತರ ಬಂದಾಗ ಅವಳಿಗೇ ನಂಬಿಕೆಯಾಗಲಿಲ್ಲ. ಏನನ್ನೂ ಹಿಂದಕ್ಕೆ ಕಳಿಸದವರು ಎಷ್ಟೋ ಜನ ಇದ್ದರು. ಅವರಿಗೆ ನಕ್ಷೆ ನಿಂತಿರಲಿಲ್ಲ. ಅಷ್ಟೇ ಅಲ್ಲ, ಕೊಟ್ಟವರಿಗಿಂತ ಕೊಡದವರಿಗೇ ಹೆಚ್ಚು ಬಂದಿದ್ದವು, ಬೇಗವೂ ಬಂದಿದ್ದವು. ಸಾಹೇಬರು ಕಣ್ಣು ಕಿರಿದು ಮಾಡಿ, "ಇದೆಂಥಾ ವ್ಯಾಪಾರ? ಕೊಡದವರಿಗೆ ಜಾಸ್ತಿ ಯಾಕ?" ಎಂದರು.

"ಹಸಿ ಬಾಣಂತ್ಯಾರು ಇರ್ತಾರಲ್ರೀ ಸರ್. ತಿರುಗಿ ಕಳಸಾಕ ಅವರಿಗೆ ಕೈ ಎಲ್ಲಿ ಬಿಡುವಾಗ್ತಾವು? ಅವರಿಗಽ ಮೊದಲ ಬೇಕಾಗಿರ್ತೈತಿ."

ಅಷ್ಟರಲ್ಲಿ ಪರದೆಯ ಮೂಲೆಯಲ್ಲಿ ಒಂದು ಕೆಂಪು ಚುಕ್ಕೆ ಮಿಣುಕಿತು. ಒಂದೇ ಒಂದು. ಕೊಪ್ಪಳದ ಯಾರೋ ಒಬ್ಬಳು ನಕ್ಷೆ ತರಿಸಿಕೊಳ್ಳುತ್ತಿದ್ದಳು, ಏನೂ ಕಳಿಸಿರಲಿಲ್ಲ. ಮತ್ತೆ ಕೇಳಿದಾಗ ಇಲ್ಲ ಎಂಬ ಉತ್ತರ ಹೋಗಿತ್ತು. ಕಳಿಸುವವರ ಹೆಸರು ಪಾಂಡುಸಾ ಬಾಕಳೆ, ಗದಗ. ರೇಷ್ಮಾಳಿಗೆ ನಕ್ಷೆ ಮಾಡಿಕೊಡುವ ಅಜ್ಜನೇ!

"ಸಿಕ್ತಲ್ಲ," ಎಂದರು ಸಾಹೇಬರು. ಅವರ ದನಿಯಲ್ಲಿ ಗೆದ್ದ ಸಂತೋಷ ಇರಲಿಲ್ಲ, ನಿಜ ಹೇಳಬೇಕೆಂದರೆ ಬೇಜಾರೇ ಇತ್ತು.

"ಕಾರಣ ಏನಂತ ಕೇಳೋಣ್ರಿ. ಪೊಟ್ಟಣದಾಗ ಇಣುಕೂ ಹಂಗಿಲ್ಲ, ಫೋನ್ ಹಚ್ಚಬ್ಯಾಡ ಅಂತ ಯಾವ ಕಾನೂನಿನ್ಯಾಗೂ ಇಲ್ಲ." ಸಾಹೇಬರು ಹೂಂ ಅನ್ನುವ ಮೊದಲೇ ಅವಳು ನಂಬರ್ ಒತ್ತಿ, ಇಬ್ಬರಿಗೂ ಕೇಳುವಂತೆ ಫೋನನ್ನು ಮೇಜಿನ ಮೇಲೆ ಇಟ್ಟಳು.

"ಹಲೋ! ಯಾರ್ರಿ?" ಗದಗಿನ ಕಡೆಯಿಂದ ಮುದಿ ದನಿ ಬಂತು. ಹಿಂದೆ ಮಕ್ಕಳ ಗದ್ದಲ.

"ಕೊಪ್ಪಳದಾಕಿಗೆ ನಕ್ಷೆ ಯಾಕ ಕೊಡಲಿಲ್ರಿ ಅಜ್ಜಾರ?" ಹೆಸರನ್ನೂ ಹೇಳದೆ ಕೇಳಿಬಿಟ್ಟಳು.

"ಯಾರು, ನಮ್ಮ ಕಮಲವ್ವನ? ಆಕಿ ಕೂಸು ಈಗ ಓಡ್ಯಾಡ್ತೈತ್ರಿ! ಅಳೂದು ಎಲ್ಲಿ ಬಂತು, ಬೇಕಂದ್ರ ಬಂದು ಅವ್ವನ ಸೆರಗಾ ಹಿಡದು ಜಗ್ತೈತಿ. ಆಕಿಗೆ ಹೆದರಿಕಿ, ಇರ್ಲಿ ಇನ್ನೊಂದು ಕೊಡ್ರಿ ಅಂದ್ಳು. ಇಲ್ಲವ್ವಾ, ಇನ್ನ ನಿನಗ ಬ್ಯಾಡ, ಅಳೂ ಕೂಸಿನವರು ಸಾಲಿನ್ಯಾಗ ನಿಂತಾರ ಅಂತ ಬೈದು ಕಳಸಿದೆ." ಅಜ್ಜ ನಕ್ಕು ಕೆಮ್ಮಿದ. "ಅದಿರ್ಲಿ, ನೀವ್ಯಾರು?"

ನೀಲಗಂಗಾ ಸಾಹೇಬರ ಮುಖ ನೋಡಿದಳು. "ಸುಂಕದವರು ರೀ. ಹುಬ್ಬಳ್ಳಿ ಕಟ್ಟಿಯಿಂದ."

ಅಜ್ಜ ನಿಧಾನಕ್ಕೆ ಕೇಳಿದ: "ಸುಂಕದವರಽ ಫೋನ್ ಹಚ್ಚಿ ಮಂದಿ ಸುಖದುಃಖ ಕೇಳಾಕತ್ತೀರಲ್ಲ, ಕಲಿಯುಗ ಮುಗೀತೇನ್ರೀ?"

ಮೊದಲು ನಕ್ಕವರು ಕಟ್ಟಿ ಸಾಹೇಬರು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕರು. ನೀಲಗಂಗಾಳ ಕಣ್ಣಲ್ಲೂ ನೀರಿತ್ತು, ಅದು ಬೇರೆ ನೀರು. ಸಾಹೇಬರು ಕನ್ನಡಕ ಒರೆಸಿಕೊಂಡು ಹೇಳಿದರು: "ತಾತ್ಕಾಲಿಕ ಮುದ್ರಿ ಒತ್ತೂ ಅಧಿಕಾರ ನನಗದ. ಒತ್ತಿ ಬಿಡ್ರಿ. ಹೊಸಾ ಸೂತ್ರ ಬೆಂಗಳೂರಿಗೆ ನಾನಽ ಬರದು ಕಳಸ್ತೀನಿ. ಅಂಗಡಿಗೆ ಸುಂಕ, ಮನಿಗೆ ಇಲ್ಲ. ಇದರಾಗ ತಪ್ಪು ಹುಡುಕವರು ಬಂದು ನನ್ನ ಮುಂದ ಹುಡುಕಲಿ."

ಅವಳು ಗುಂಡಿ ಒತ್ತಿದಳು. ಗೋಡೆಯ ಮೇಲೆ ನಿಂತಿದ್ದ ಗೆರೆಗಳೆಲ್ಲ ಸರಸರನೆ ಓಡತೊಡಗಿದವು. ನಿನ್ನೆಯಿಂದ ಎದೆಯ ಮೇಲೆ ಕೂತಿದ್ದ ಕಲ್ಲೊಂದು ಇಳಿದ ಹಾಗಾಯಿತು. ನಿನ್ನೆ ಕೂತದ್ದು ಇವತ್ತು ಬೆಳಗಿನ ತನಕ ಗೊತ್ತಾಗಿರಲಿಲ್ಲ, ಅದು ಬೇರೆ ಮಾತು.

ಸಂಜೆ ಹೊತ್ತಿಗೆ ಮನೆ ತಲುಪಿದಾಗ ರೇಷ್ಮಾ ಬಾಗಿಲಲ್ಲೇ ನಿಂತಿದ್ದಳು. ತೊಟ್ಟಿಲಿನ ಕೆಂಪು ದಾರ ಕಾಣಲಿಲ್ಲ. "ಮುದ್ರಿ ಬಿತ್ತು ಅಕ್ಕಾ! ಹೆಂಗ ಬಿಟ್ರೋ ಏನೋ!" ಎಂದು ಅವಳ ಎರಡೂ ಕೈ ಹಿಡಿದುಕೊಂಡಳು. ಗುರುಸಿದ್ದವ್ವ ಒಳಗೆ ಕೂತು, ಬಟ್ಟಲಿನ ಶೇಂಗಾವನ್ನು ತಾನೇ ಒಂದೊಂದಾಗಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು.

ನೀಲಗಂಗಾ ಸುಮ್ಮನಿರಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. "ರೇಷ್ಮಾ, ತಡದಾಕಿ ನಾನಽ," ಎಂದಳು. "ನಿನ್ನೆ. ಏನು ಅಂತ ಗೊತ್ತಿಲ್ಲದಽ ತಡದೆ. ಪೇಡೆ ತಿಂದ್ಕೊಂತ ತಡದೆ."

ರೇಷ್ಮಾ ಹಿಡಿದ ಕೈ ಬಿಟ್ಟಳು. ಗುರುಸಿದ್ದವ್ವನ ದವಡೆಯೂ ನಿಂತಿತು. ರೇಷ್ಮಾ ತೊಟ್ಟಿಲಿನ ಹತ್ತಿರ ಹೋದಳು, ಮಲಗಿದ್ದ ಮಗಳನ್ನೇ ನೋಡುತ್ತ ನಿಂತಳು. ಮತ್ತೆ ನೀಲಗಂಗಾಳನ್ನು ನೋಡಿದಳು.

"ಬಿಟ್ಟಾಕಿ?"

"ಅದೂ ನಾನಽ."

"ನಿಮಗ ಬೈಬೇಕಂದ್ರ ನೀವು ಮಾಡಿದ್ದು ಒಂದಽ ಅಲ್ಲ, ಎರಡು ಅದಾವು. ತಡದದ್ದೂ ನೀವಽ, ಬಿಟ್ಟದ್ದೂ ನೀವಽ," ಎಂದಳು ರೇಷ್ಮಾ ಕೊನೆಗೆ. ದನಿಯಲ್ಲಿ ಸಿಟ್ಟು ಇತ್ತು, ಇಲ್ಲವೆನ್ನಲಾಗದು. ಆದರೂ ಬಗ್ಗಿ ಕೂಸನ್ನೆತ್ತಿ ತಂದು ನೀಲಗಂಗಾಳ ತೋಳಿನಲ್ಲಿ ಇಟ್ಟಳು. "ಹಿಡೀರಿ. ಹಿಂಗ ಬಂದವರನ್ನ ಖಾಲಿ ಕೈಲೆ ಹೆಂಗ ಕಳಸೂದು? ನಾ ಚಾ ಇಡ್ತೀನಿ."

ಅವಳು ಅಡಿಗೆಮನೆಗೆ ಹೋದಳು. ಮಿಕ್ಸರ್ ಗಿರ್ರೆಂದಿತು, ಶುಂಠಿಯ ವಾಸನೆ ಬಂತು. ಹೊರಗೆ ಸಂಜೆಯ ರೈಲು ಕೂಗುತ್ತ ಹಾದುಹೋಗುತ್ತಿತ್ತು. ಇಷ್ಟರ ನಡುವೆ ಜೋಯಾ ಕಣ್ಣು ಬಿಟ್ಟು, ತನ್ನನ್ನು ಹಿಡಿದವಳು ಅವ್ವನಲ್ಲ ಎಂದು ಕಂಡುಕೊಂಡು, ತುಟಿ ಓರೆ ಮಾಡಿ ಸಣ್ಣಗೆ ಅಳು ತೆಗೆಯಿತು. ನೀಲಗಂಗಾಳಿಗೇ ಸರಿಯಾಗಿ ಕೇಳಿಸದಷ್ಟು ಸಣ್ಣ ಅಳು.

"ಬಂದೆ, ಬಂದೆ, ನನ್ನ ಬಂಗಾರಾ!" ಬೆನ್ನು ಮಾಡಿ ನಿಂತ ರೇಷ್ಮಾ ತಿರುಗದೆಯೇ ಕೂಗಿದಳು. "ಅಕ್ಕಾ, ಕುತ್ತಿಗಿ ಕೆಳಗ ಕೈ ಕೊಟ್ಟು ಹಿಡೀರಿ, ಅದಕ್ಕಽ ಅಳಾಕತ್ತೈತಿ."